ಮೊಮ್ಮಗಳ ಊರಿಗೆ ನೀರಿನ ಜೊತೆ ನಡೆದದ್ದು

ಮದುವೆಯಾಗಿ ಎಂಟು ವರ್ಷದ ಮೇಲೆ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ನರ್ಸಮ್ಮ ಬಾಗಿಲಿಗೆ ಬಂದು ಹೇಳಿದಾಗ ನಾನು ಕೂತಲ್ಲಿಂದ ಎದ್ದವಳು, ಎಲ್ಲಿಗೆ ಹೋಗಬೇಕೋ ತಿಳಿಯದೆ, ಎದುರಿಗೆ ನಿಂತಿದ್ದ ಯಾರೋ ಗುರುತಿಲ್ಲದ ಹೆಂಗಸಿನ ಕೈ ಹಿಡಿದುಕೊಂಡು, "ನಂಗೆ ಮೊಮ್ಮಗಳು ಕಣವ್ವ, ಮೊಮ್ಮಗಳು!" ಎಂದೆ. ಅವಳು, "ಒಳ್ಳೇದಾಯ್ತು ಬುಡಿ. ಮೊದ್ಲು ಕೈ ಬುಡಿ, ಬಳೆ ಒಡೀತದೆ" ಎಂದಳು. ಇವತ್ತಿಗೂ ಆ ಮಗುವಿನ ಮಾತು ಬಂದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಜುಮ್ಮೆನ್ನುತ್ತದೆ. ನಗು ಯಾಕೆ ಅಂತ ಹೇಳಬೇಕಿಲ್ಲ. ಮೈ ಜುಮ್ಮೆನ್ನುವುದು ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಒತ್ತಕ್ಷರ ಅಲ್ಲಿ ಇಲ್ಲಿ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಿ.

ನಮ್ಮದು ನಾಲೆಯ ತಲೆಯ ಊರು. ಕಾವೇರಿ ಹೊಳೆಗೆ ಕಟ್ಟೆ ಕಟ್ಟಿ ತಿರುಗಿಸಿದ ದೊಡ್ಡ ನಾಲೆಯಿಂದ ಒಂದು ಕವಲು ಒಡೆಯುತ್ತದೆ. ಆ ಕವಲು ಮೊದಲು ಮುಟ್ಟುವುದು ನಮ್ಮ ಗದ್ದೆ ಬಯಲನ್ನು. ನಾನು ಹುಟ್ಟಿದ್ದು ಮಾತ್ರ ಎಚ್.ಡಿ. ಕೋಟೆ ಕಡೆಯ ಬೆದ್ದಲು ಊರಿನಲ್ಲಿ, ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕು. ಅಲ್ಲಿ ಬೇಸಿಗೆ ಬಂದರೆ ಹಳ್ಳದ ಮರಳು ತೋಡಿ, ಗುಂಡಿಯಲ್ಲಿ ನೀರು ಜಿನುಗುವುದನ್ನು ಕಾದು ಕೂತು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದೆವು. ಲಗ್ನವಾಗಿ ಇಲ್ಲಿಗೆ ಬಂದ ಹೊಸದರಲ್ಲಿ ನಾನು ನಾಲೆ ಏರಿಯ ಮೇಲೆ ಕೂತು ನೀರು ಹೋಗುವುದನ್ನೇ ನೋಡುತ್ತಿದ್ದೆ. ನಮ್ಮತ್ತೆ, "ಏನಮ್ಮಿ, ನಿಮ್ಮಪ್ಪನ್ ಮನೇಲಿ ನೀರ್ ತೋರ್ಸಿರ್ನಿಲ್ವಾ?" ಅಂತ ಆಡಿಕೊಳ್ಳುತ್ತಿದ್ದರು. ಒಂದು ವರ್ಷ ನೋಡಿದೆ, ಎರಡು ವರ್ಷ ನೋಡಿದೆ. ಆಮೇಲೆ ನೋಡುವುದನ್ನು ಬಿಟ್ಟೆ. ನೀರು ಇದ್ದೇ ಇರುತ್ತದಲ್ಲ! ಕಾಲುಗಂಟು ಮುಳುಗುವಷ್ಟು ನೀರು ನಿಂತರೇ ಗದ್ದೆ ಗದ್ದೆ ಎನ್ನುವುದು ನಮ್ಮ ಬಯಲಿನವರ ಲೆಕ್ಕ. ಗದ್ದೆಯಿಂದ ಗದ್ದೆಗೆ ತುಂಬಿ, ಬದ ಹಾರಿ, ಬಸಿಗಾಲುವೆಗೆ ಬೀಳುವ ನೀರಿನ ಸದ್ದು ಕೇಳಿದರೆ, ಭೂಮಿ ಹೊಟ್ಟೆ ತುಂಬ ಉಂಡಿತು ಎಂದುಕೊಂಡು ಮನೆಗೆ ಬರುತ್ತಿದ್ದೆವು.

ಮಗಳನ್ನು ಕೊಟ್ಟದ್ದು ಅದೇ ಕವಲಿನ ಕೊನೆಯ ಊರಿಗೆ. ಹತ್ತು ಹನ್ನೆರಡು ಮೈಲಿ ಇರಬಹುದು. ಸಂಬಂಧ ಕುದುರಿಸಿದವರು "ನಿಮ್ಮೂರ ನಾಲೇನೆ ಅಲ್ಲಿಗೂ ಓಗದು" ಎಂದಿದ್ದರು. ಅಷ್ಟು ಕೇಳಿ ನಾವು ತಲೆಯಾಡಿಸಿದೆವು. ಮಕ್ಕಳಾಗದ ಆ ಎಂಟು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಕಡಿಮೆ. ಹೋದರೆ ಹಬ್ಬಕ್ಕೆ, ಮಳೆಗಾಲ ಮುಗಿದ ಮೇಲೆ. ಬೀಗಿತ್ತಿಯ ಬಾಯಿಗೆ ಹೆದರಿ ಒಂದು ರಾತ್ರಿ ಕಳೆದರೆ ಮಾರನೇ ದಿನ ಬಸ್ಸು ಹತ್ತುತ್ತಿದ್ದೆ.

ಬಾಣಂತನ ನಮ್ಮ ಮನೆಯಲ್ಲಿ. ಎರಡನೇ ತಿಂಗಳಲ್ಲಿ ಬೀಗಿತ್ತಿ ಮೊಮ್ಮಗಳನ್ನು ನೋಡಲು ಬಂದರು. ಸಣಕಲು ಹೆಂಗಸು, ಮಾತು ಮಾತ್ರ ಕತ್ತರಿ. ಅವತ್ತು ನಾನು ಮಗಳಿಗೆ ಎಣ್ಣೆ ತಿಕ್ಕಿ ಬಚ್ಚಲಲ್ಲಿ ನೀರು ಹುಯ್ಯುತ್ತಿದ್ದೆ. ದೊಡ್ಡ ಹಂಡೆ ತುಂಬ ಕಾಸಿದ ನೀರು. ತಂಬಿಗೆಯ ಮೇಲೆ ತಂಬಿಗೆ, ಸೊಂಟಕ್ಕೆ, ಬೆನ್ನಿಗೆ, ತಲೆಗೆ. ಬೀಗಿತ್ತಿ ಬಚ್ಚಲ ಬಾಗಿಲಲ್ಲಿ ನಿಂತವರು ಅಲ್ಲಾಡಲಿಲ್ಲ.

"ಎಷ್ಟು ಕೊಡ ಆಯ್ತು ಬೀಗಿತ್ತೇರೇ?"

"ಯಾರ್ ಎಣಿಸ್ತರೆ? ಅಂಡೆ ಮುಗಿಯೋಗಂಟ ಉಯ್ಯದೆಯ."

"ಇಷ್ಟು ನೀರಲ್ಲಿ ನಾವು ಮನೆಮಂದಿ ಎಲ್ಲ ಮೂರು ದಿನ ಕಳೀತೀವಿ ಕಣ್ರವ್ವ."

"ಅಂಗ್ಯಾಕಂತೀರಿ? ನಿಮ್ಮೂರಲ್ಲಿ ಕೊಳಾಯಿ ಹಾಕವ್ರಲ್ಲ."

"ಹಾಕವ್ರೆ. ಗಾಳಿ ಬತ್ತದೆ. ಬಟ್ಟೆ ಒಣಗ್ಸಕ್ಕೆ ಬೋ ಪಸಂದಾಗದೆ."

"ನಾಲೆ ಅದಲ್ಲ?"

"ಅದೆ" ಎಂದರು. "ನಾಲೆ ಅದೆ" ಎಂದು ಮತ್ತೊಂದು ಸಲ ಹೇಳಿ, ಬಚ್ಚಲಿನ ನೀರು ತೂತಿನಿಂದ ಬಾಳೆ ಗುಂಡಿಗೆ ಹೋಗುವುದನ್ನು ನೋಡಿದರು. ಆ ಮುಖ ನೋಡಿ ನನಗೆ ಒಳಗೊಳಗೇ ಹಿಗ್ಗಾಯಿತು. ಸೊಸೆಗೆ ತವರಲ್ಲಿ ನಡೆಯುವ ಉಪಚಾರ ಕಂಡು ಹೊಟ್ಟೆ ಉರಿಯುತ್ತಿದೆ ಎಂದುಕೊಂಡೆ. ಇನ್ನೂ ನಾಲ್ಕು ತಂಬಿಗೆ ಜಾಸ್ತಿಯೇ ಹುಯ್ದೆ.

ಹೊರಡುವ ಮೊದಲು ಅವರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು. ಹೆತ್ತ ಹೆಂಗಸು ಹರಿಯುವ ನೀರಿಗೆ ಹೋಗಿ, ಮೂರು ಕಲ್ಲು ಇಟ್ಟು ಅರಿಶಿನ ಕುಂಕುಮ ಹಚ್ಚಿ ಗಂಗೆ ಪೂಜೆ ಮಾಡಿ, ಕೊಡ ತುಂಬಿಸಿಕೊಂಡು ಬರುವುದು ನಮ್ಮಲ್ಲೆಲ್ಲ ಇರುವ ಪದ್ಧತಿ. ಆದರೆ ಅವರ ಮನೆತನದಲ್ಲಿ ಮೊದಲ ಮಗುವಿನ ಪೂಜೆ ಅವರ ಊರಿನ ನೀರಿನಲ್ಲೇ ಆಗಬೇಕಂತೆ. ಅದಾಗದೆ ಬಾಣಂತಿ ಹೊಸಿಲು ದಾಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ತೊಟ್ಟಿಲನ್ನು ತೊಲೆಗೆ ಕಟ್ಟುವಂತಿಲ್ಲ. "ಆಗ್ಲಿ ಬುಡಿ, ಅದೇನ್ ದೊಡ್ ಕೆಲ್ಸ?" ಎಂದೆ ನಾನು.

ಅದು ಮಳೆ ಕೈಕೊಟ್ಟ ಎರಡನೇ ವರ್ಷ. ಕಟ್ಟೆಗಳಲ್ಲಿ ನೀರು ಇಳಿದಿತ್ತು. ನಾಲೆಗೆ ಕಟ್ಟು ಪದ್ಧತಿ ಮಾಡಿದ್ದರು: ಕೆಲವು ದಿನ ಬಿಡುವುದು, ಕೆಲವು ದಿನ ಕಟ್ಟುವುದು. ಹಾಗೆ ನೀರು ಬಿಡುವ ಒಂದೊಂದು ಸರದಿಯೂ ಒಂದು ಕಟ್ಟು. ಹೊಳೆ ನೀರಿನ ಜಗಳ ರೇಡಿಯೋದಲ್ಲಿ ದಿನವೂ ಬರುತ್ತಿತ್ತು. ನಮ್ಮೂರ ಗಂಡಸರು ಟ್ರ್ಯಾಕ್ಟರ್ ಕಟ್ಟಿಕೊಂಡು ರಸ್ತೆ ತಡೆಗೆ ಹೋದರು. ನಮ್ಮ ಯಜಮಾನರೂ ಹಸಿರು ಟವೆಲ್ ಹೊದ್ದು ಹೋಗಿ, "ನಮ್ಮ ನೀರು ನಮಗೆ" ಅಂತ ಕೂಗಿ ಕೂಗಿ, ಗಂಟಲು ಕಟ್ಟಿಸಿಕೊಂಡು ಬಂದರು. ನಾನು ಮೆಣಸಿನ ಕಷಾಯ ಮಾಡಿ ಕೊಟ್ಟೆ. ಹೊಳೆ ನೀರು ಯಾರೋ ದೂರದವರು ಕೊಂಡುಹೋಗುತ್ತಾರೆ ಎಂಬ ಸಿಟ್ಟು ನನಗೂ ಇತ್ತು.

ನಮ್ಮ ಬಯಲಿನಲ್ಲಿ ಒಂದು ವಾಡಿಕೆ ಇದೆ, ಹೊರಗಿನವರಿಗೆ ಗೊತ್ತಿರಲಾರದು. ಕೂಸು ಹುಟ್ಟಿದ ಮನೆಯ ಗದ್ದೆಗೆ ಒಂದು ದಿನದ ನೀರು ಹೆಚ್ಚಿಗೆ ಬಿಡುವುದು. ಸರದಿ ಯಾರದ್ದೇ ಇರಲಿ, ಆ ಮನೆಯ ತೂಬು ತೆರೆಯುತ್ತಾರೆ. ನಾಲೆಯ ತೂಬು ತೆಗೆದು ಮುಚ್ಚುವವನನ್ನು ನಮ್ಮ ಕಡೆ ಸೌಡಿ ಎನ್ನುತ್ತೇವೆ. ಸೌಡಿಯನ್ನು ಕರೆದು ಊಟಕ್ಕೆ ಹಾಕಿ ಒಂದು ಪಂಚೆ ಕೊಟ್ಟರೆ ಆಯಿತು. ಮಗಳನ್ನು ಕಳಿಸಬೇಕಾದ ಐದನೇ ತಿಂಗಳು ಹತ್ತಿರ ಬಂದಾಗ ನಾನು ಸೌಡಿಗೆ ಹೇಳಿಕಳಿಸಿದೆ. ಹೋಳಿಗೆ ಮಾಡಿದ್ದೆ. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡೇ ಬಡಿಸಿದೆ.

"ಕೂಸು ಥೇಟ್ ನಿಮ್ಮಂಗೇ ಅದೆ ಅವ್ವಾರೆ" ಎಂದ ಸೌಡಿ.

"ಮೂಗು ಮಾತ್ರ ಅವರಪ್ಪಂದು. ಓಗ್ಲಿ ಬುಡು, ಬೆಳೀತಾ ಸರಿ ಓಯ್ತದೆ. ನಮ್ ತೂಬು ತೆಗೀಬೇಕು ಕಣಪ್ಪ."

ಅವನ ಕೈ ಎಲೆಯ ಮೇಲೆ ನಿಂತಿತು. "ಈ ಸಲ ಬ್ಯಾಡಿ. ಈ ಕಟ್ಟಿನಲ್ಲಿ ಮೊದ್ಲು ಕೊನೇ ಊರೋರಿಗೆ ಅಂತ ಆಗದೆ. ನಿಮ್ದು ನಾಟಿ ಮುಗ್ದು ನೀರೂ ನಿಂತದೆ. ಅವ್ರಿನ್ನೂ ಒಟ್ಲು ಸಸಿ ಮಡಿಕ್ಕಂಡು ನಾಟಿಗೆ ಕಾಯ್ತಾ ಕೂತವ್ರೆ."

"ಒಂದ್ ದಿನ ಕಣಪ್ಪ. ಎಂಟ್ ವರ್ಷದ ಮ್ಯಾಲೆ ಹುಟ್ಟಿರ ಕೂಸು. ಕಾವೇರಮ್ಮನಿಗೆ ನಮ್ದೊಂದ್ ಗದ್ದೆ ಭಾರವಾ?"

ಅವನು ಇನ್ನೊಂದು ಹೋಳಿಗೆ ತಿಂದ. ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ನಾಲೆಗೆ ನೀರು ಬಿಟ್ಟ ಬೆಳಿಗ್ಗೆ ನಮ್ಮ ತೂಬು ತೆರೆದಿತ್ತು. ಮಧ್ಯಾಹ್ನಕ್ಕೆ ಪಕ್ಕದ ಗದ್ದೆಯವನು, "ಅವ್ರ ಮನೇಲಿ ಕೂಸು ಹುಟ್ತು ಅಂತ ನೀರು ಬುಟ್ಟೆ. ನಮ್ಮನೇಲಿ ಎಮ್ಮೆ ಈದದೆ, ನಂಗೂ ಬುಡಪ್ಪ" ಎಂದನಂತೆ. ಎಲ್ಲರೂ ನಕ್ಕರಂತೆ. ನಗುನಗುತ್ತ ಅವನದೂ ತೆರೆಯಿತು, ಅವನ ಪಕ್ಕದವನದೂ ತೆರೆಯಿತು. ನಾಲೆಯಲ್ಲಿ ನೀರಿನ ಮಟ್ಟ ಕಡಿಮೆಯಿದ್ದುದರಿಂದ ತೂಬಿಗೆ ಸರಿಯಾಗಿ ಏರಲಿಲ್ಲ. ಮರಳು ಮೂಟೆ ತಂದು ನಾಲೆಗೇ ಅಡ್ಡ ಹಾಕಿದರು. ನಮ್ಮ ಯಜಮಾನರೂ ಇದ್ದರು. ನಾನೇ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಹೋಗಿ ಅವರಿಗೆಲ್ಲ ಮಜ್ಜಿಗೆ ಕೊಟ್ಟು ಬಂದೆ. ಒಂದು ದಿನ ಅಂದದ್ದು ನಾಲ್ಕು ದಿನವಾಯಿತು. ಯಾರಿಗೂ ಮೂಟೆ ತೆಗೆಯುವ ನೆನಪಿಲ್ಲ. ನನಗೆ ಮೊದಲೇ ಇಲ್ಲ. ನಾನು ತೊಟ್ಟಿಲಿಗೆ ಬಣ್ಣ ಹೊಡೆಸುವುದರಲ್ಲಿ, ಚಕ್ಕುಲಿ ಕರಿಯುವುದರಲ್ಲಿ, ಕೂಸಿಗೆ ಕುಲಾವಿ ಹೊಲಿಯುವುದರಲ್ಲಿ ಮುಳುಗಿದ್ದೆ.

ಐದನೆಯ ದಿನ ಅಳಿಯಂದಿರು ಟೆಂಪೋ ತಂದರು. ತೊಟ್ಟಿಲು, ಹೊಸ ಹಂಡೆ, ತಿಂಡಿ ಡಬ್ಬ ಎಲ್ಲ ಹಿಂದೆ ಹಾಕಿ, ಮಗಳು ಕೂಸು ನಾನು ಮುಂದೆ ಕೂತು ಹೊರಟೆವು. ರಸ್ತೆ ನಾಲೆಯ ಜೊತೆಯಲ್ಲೇ ಹೋಗುತ್ತದೆ. ನಾನು ದಾರಿಯುದ್ದಕ್ಕೂ ಕೂಸಿನ ಮುಖ ನೋಡುತ್ತ ಕೂತಿದ್ದವಳು ಹೊರಗೆ ನೋಡಲೇ ಇಲ್ಲ. ನೋಡಿದ್ದರೆ ಮೂರು ಮೈಲಿಗೇ ಗೊತ್ತಾಗುತ್ತಿತ್ತು.

ಬೀಗರ ಮನೆಯ ಮುಂದೆ ಹತ್ತಿಪ್ಪತ್ತು ಹೆಂಗಸರು ನಿಂತಿದ್ದರು. ಆರತಿ ಎತ್ತಿದರು. ಪೂಜೆಯ ತಟ್ಟೆ ಸಿದ್ಧವಿತ್ತು: ಅರಿಶಿನ, ಕುಂಕುಮ, ವೀಳ್ಯದೆಲೆ, ನೆನೆಸಿದ ಕಡಲೆ, ಬೇವಿನ ಸೊಪ್ಪು. ನೀರು ಬಿಟ್ಟರೆ ಮೂರನೇ ದಿನಕ್ಕೆ ಅಲ್ಲಿಗೆ ಮುಟ್ಟಬೇಕು, ಅದಕ್ಕೇ ಐದನೇ ದಿನವನ್ನು ನೋಡಿ ಇಟ್ಟಿದ್ದರಂತೆ. ಆದರೆ ಬೀಗಿತ್ತಿಯ ಮುಖದಲ್ಲಿ ಗೆಲುವಿಲ್ಲ.

"ನೀರು ಇನ್ನೂ ಬಂದಿಲ್ಲ ಬೀಗಿತ್ತೇರೇ. ಬುಟ್ಟು ಐದ್ ದಿನಾಯ್ತು ಅಂತರೆ. ನೋಡ್ಮಾ ನಡೀರಿ, ಅಷ್ಟೊತ್ಗೆ ಬಂದ್ರೂ ಬರ್ಬೋದು."

ಎಲ್ಲರೂ ನಾಲೆಗೆ ನಡೆದೆವು. ಏರಿ ಹತ್ತಿ ಕೆಳಗೆ ನೋಡಿದವಳು ನಾನು ಹಾಗೇ ನಿಂತುಬಿಟ್ಟೆ.

ನಾಲೆಯೊಳಗೆ ಮೇಕೆಗಳು ಮಲಗಿದ್ದವು. ಆರಾಮವಾಗಿ, ಮೆಲುಕು ಹಾಕುತ್ತ. ತಳದ ಕೆಸರು ಒಣಗಿ ಹಂಚಿನ ಚೂರುಗಳಂತೆ ಮೇಲೆದ್ದಿತ್ತು. ನೀರು ಬಂದ ಕೂಡಲೇ ತಮ್ಮ ಸರದಿ ಮೊದಲಾಗಲಿ ಅಂತ ಯಾರು ಯಾರೋ ಖಾಲಿ ಕೊಡಗಳನ್ನು ನಾಲೆಯ ನಡುವೆಯೇ ಸಾಲಾಗಿ ಇಟ್ಟು ಹೋಗಿದ್ದರು. ಪ್ಲಾಸ್ಟಿಕ್ ಕೊಡಗಳು ಹಾರಿಹೋಗದ ಹಾಗೆ ಒಳಗೆ ಒಂದೊಂದು ಕಲ್ಲು. ಏರಿಯ ಆಚೆ ಒಟ್ಟಲು ಪಾತಿ. ಬತ್ತದ ಸಸಿ ಹಳದಿಯಾಗಿ ತುದಿ ಸುಟ್ಟುಕೊಂಡಿತ್ತು. ನಾಲೆ ಅಂದರೆ ತುಂಬಿ ಹೋಗುವುದು ಅಂತ ಮೂವತ್ತು ವರ್ಷದಿಂದ ತಿಳಿದಿದ್ದವಳು ನಾನು. ನಮ್ಮ ಮನೆಯ ಮುಂದೆ ಹೋಗುವ ನಾಲೆ ಇದೇನಾ? ಇದಕ್ಕೆ ಇಂಥದೊಂದು ಬಾಲ ಇತ್ತಾ?

ಆಗ ಹಿಂದಿನಿಂದ ಮಾತು ಬಂತು. ಬೀಗಿತ್ತಿಯ ಅಕ್ಕನ ವರಸೆಯ ಒಬ್ಬ ಮುದುಕಿ, ಕೋಲು ಊರಿಕೊಂಡು ನಿಂತವಳು, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಓದ್ ವರ್ಷ ಬರದಲ್ಲೂ ಬಿಟ್ಟೂಬಿಡದೆ ಒಂದೀಟು ಬರ್ತಿತ್ತು. ಈ ಕೂಸು ಊರಿಗೆ ಕಾಲಿಕ್ಕೋ ದಿನ್ವೇ ಒಂದ್ ತೊಟ್ಟಿಲ್ಲ. ಕಾಲ್ಗುಣ ಅನ್ನದು ಇದ್ನೇ ಕಣ್ರವ್ವ."

ಇಬ್ಬರು ಹೆಂಗಸರು ಕೂಸಿನ ಕಡೆ ನೋಡಿ, ನೋಡದವರಂತೆ ಮುಖ ತಿರುಗಿಸಿದರು. ಮಗಳು ಕೂಸಿನ ಪಾದಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕತ್ತರಿ ಬಾಯಿಯ ಬೀಗಿತ್ತಿ ಕೂಡ ಸುಮ್ಮನೆ ನೆಲ ನೋಡುತ್ತಿದ್ದರು. ಎಂಟು ವರ್ಷ ನನ್ನ ಮಗಳು ಆ ಊರಲ್ಲಿ ಬಂಜೆ ಅನ್ನಿಸಿಕೊಂಡಿದ್ದಳು. ಈಗ ಐದು ತಿಂಗಳ ಕೂಸಿಗೆ ಒಂದು ಹೆಸರು ಅಂಟುತ್ತಿತ್ತು. ಹಳ್ಳಿಯಲ್ಲಿ ಹೆಣ್ಣು ಮಗುವಿಗೆ ಕೆಟ್ಟ ಕಾಲ್ಗುಣ ಅಂತ ಒಂದು ಸಲ ಅಂದರೆ ಅದು ಅವಳ ಮದುವೆಯ ದಿನವೂ ಬಂದು ಚಪ್ಪರದ ಕೆಳಗೆ ಕೂರುತ್ತದೆ.

ನನಗೆ ಕಣ್ಣ ಮುಂದೆ ಬಂದದ್ದು ಆ ಮರಳು ಮೂಟೆಗಳು. ಅಲ್ಲಿಗೆ ಮಜ್ಜಿಗೆ ಹೊತ್ತು ಹೋದ ನನ್ನ ಕಾಲು. ಹೇಳದೆ ಇದ್ದುಬಿಡಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ.

"ಕೂಸಿನ ಕಾಲ್ಗುಣ ಅಲ್ಲ ಅಕ್ಕಯ್ಯ" ಎಂದೆ. ದನಿ ನನ್ನದೇ ಅಂತ ನನಗೆ ಅನ್ನಿಸಲಿಲ್ಲ. "ನಂದು. ಸೌಡಿಗೆ ಹೋಳಿಗೆ ಇಕ್ಕಿ, ಪಂಚೆ ಕೊಟ್ಟು, ತೂಬು ತೆಗೆಸ್ದೋಳು ನಾನು. ನಿಮ್ಮೂರ್ ನೀರು ನಮ್ ಗದ್ದೇಲಿ ನಿಂತದೆ. ನಿಂತು, ಹೆಚ್ಚಾಗಿ, ಬಸಿಗಾಲ್ವೇಲಿ ಹೋಯ್ತಾ ಅದೆ."

"ಅವ್ವಾ!" ಎಂದಳು ಮಗಳು.

ಬೀಗಿತ್ತಿ ತಲೆ ಎತ್ತಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಅವತ್ತು ನಿಮ್ ಬಚ್ಚಲಲ್ಲಿ ನೀರು ನೋಡ್ತಾ ನಿಂತಿದ್ನಲ್ಲ" ಎಂದರು ನಿಧಾನವಾಗಿ. "ನಂಗೆ ಒಟ್ಟೆ ಉರೀತು ಅಂದ್ಕಂಡ್ರಿ ಅಲ್ವಾ? ಉರೀನಿಲ್ಲ ಕಣ್ರವ್ವ. ಭಯ ಆಯ್ತು. ಇವ್ರಿಗೆ ನಾವು ಇರೋದೇ ಗೊತ್ತಿಲ್ವಲ್ಲ ಅಂತ."

ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಯಾರೂ ನನಗೆ ಹೊಡೆದಿಲ್ಲ.

ಪೂಜೆಯಾಗದೆ ಬಾಣಂತಿ ಒಳಗೆ ಬರುವಂತಿರಲಿಲ್ಲ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. "ಅವ್ವ, ನಾನೂ ನಿನ್ ಜೊತೇಲಿ ವಾಪಸ್ ಬತ್ತೀನಿ" ಎಂದು ಮಗಳು ಕಣ್ಣೀರು ಹಾಕಿದಳು.

"ಬ್ಯಾಡ ಮಗ. ಈಗ ತಿರುಗಿ ಬಂದ್ರೆ ಆ ಮಾತು ಇಲ್ಲೇ ಉಳ್ಕತದೆ. ಇಲ್ಲೇ ಕೂತಿರು. ನಾನ್ ನೀರ್ ಕರ್ಕ ಬತ್ತೀನಿ" ಎಂದು ಊಟವನ್ನೂ ಮಾಡದೆ ಬಸ್ಸು ಹತ್ತಿದೆ.

ಈ ಸಲ ಕಿಟಕಿಯಿಂದ ಹೊರಗೆ ನೋಡಿದೆ. ಊರು ಊರಿಗೂ ಬಣ್ಣ ಬದಲಾಗುತ್ತಿತ್ತು. ಒಣ ಕಂದು, ಆಮೇಲೆ ಅರೆಹಸಿರು, ನಮ್ಮೂರು ಹತ್ತಿರ ಬಂದಂತೆ ಕಣ್ಣು ಕುಕ್ಕುವ ಹಸಿರು. ಇದನ್ನು ಚೆಂದ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ನೋಡುವುದಕ್ಕೇ ನಾಚಿಕೆಯಾಯಿತು.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ತೂಬಿಗೆ ಹೋದೆ. ಯಜಮಾನರು, ಪಕ್ಕದ ಗದ್ದೆಯವನು, ಸೌಡಿ ಮೂವರೂ ಹೊಂಗೆ ಮರದ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಸೀರೆ ಎತ್ತಿ ಕಟ್ಟಿ ನಾಲೆಗೆ ಇಳಿದು ಒಂದು ಮೂಟೆ ಎಳೆದೆ.

"ಏನಮ್ಮಿ, ತಲೆಗಿಲೆ ಕೆಟ್ಟದಾ?" ಎಂದರು ಯಜಮಾನರು.

"ನಿಮ್ ಮೊಮ್ಮಗಳು ಜಗಲಿ ಮ್ಯಾಲೆ ಕೂತದೆ. ನೀರಿಲ್ದೆ ಒಳಕ್ಕ್ ಬುಟ್ಟಿಲ್ಲ. ಊರೆಲ್ಲ ಅವಳ ಕಾಲು ನೋಡ್ತಾ ಅದೆ."

ಪಕ್ಕದವನು ಎದ್ದು ನಿಂತ. "ದೊಡ್ಡವ್ವ, ನೀನಿಂಗೆ ಒಡ್ಡು ಕಿತ್ರೆ ನಮ್ ಗದ್ದೆ ಗತಿ ಏನು?"

"ನಿನ್ ಗದ್ದೇಲಿ ಈದಿರ ಎಮ್ಮೆ ಈಜ್ತದೆ ಕಣ್ಲಾ, ಓಗ್ ನೋಡ್ಕ ಬಾ. ರಸ್ತೇಲಿ ಕೂತ್ಕಂಡು ನಮ್ಮ ನೀರು ನಮಗೆ ಅಂತ ಬಾಯ್ ಬಡ್ಕಂಡ್ರಲ್ಲ, ನನ್ ಮಗಳು ನಮ್ಮೋಳಲ್ವಾ? ನಿನ್ ತಂಗೀನ ಕೊಟ್ಟಿರದು ಯಾವ ಊರಿಗೆ? ಅದೂ ಕೆಳಗಿಂದೇ ಅಲ್ವಾ?"

ನಾನು ಎರಡನೇ ಮೂಟೆ ಎಳೆದೆ, ಮೂರನೆಯದು ಅಲ್ಲಾಡಲಿಲ್ಲ. ಯಜಮಾನರು ಎದ್ದು ಟವೆಲ್ ತಲೆಗೆ ಸುತ್ತಿ ನೀರಿಗಿಳಿದರು. "ಸರಿ ಅತ್ಲಾಗೆ. ಸೊಂಟ ಇಡ್ಕಂಡ್ರೆ ನಾನೇ ತಿಕ್ಬೇಕು" ಅಂದು ಆ ಮೂಟೆಗೆ ಕೈಹಾಕಿದರು. ಆಮೇಲೆ ಪಕ್ಕದವನೂ ಇಳಿದ. ಸೌಡಿ ಒಂದೊಂದೇ ತೂಬು ಮುಚ್ಚಿ ಬಂದು, ತಲೆ ತಗ್ಗಿಸಿಕೊಂಡು ಕೇಳಿದ:

"ಅವ್ವಾರೆ, ಪಂಚೆ ವಾಪಸ್ ತಂದ್ಕೊಡ್ಲಾ?"

"ಉಟ್ಕಳಪ್ಪ. ನೀನ್ ಬ್ಯಾಡ ಅಂದೆ, ಕೇಳ್ದೆ ಇದ್ದೋಳು ನಾನು."

ಮೂಟೆ ತೆಗೆದರೆ ನೀರು ಓಡುತ್ತದೆ ಎಂದುಕೊಂಡಿದ್ದೆ. ಓಡಲಿಲ್ಲ. ಒಣಗಿದ ನಾಲೆ ತಾನೇ ಮೊದಲು ಕುಡಿಯುತ್ತದಂತೆ. ಸಂಜೆಯವರೆಗೂ ನೀರು ಮೊದಲ ಊರು ದಾಟಲಿಲ್ಲ. ಮಾರನೇ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸೌಡಿಯ ಜೊತೆ ಏರಿ ಹಿಡಿದು ಹೊರಟೆ. ನೀರಿನ ಮೂತಿಯನ್ನು ನಾನು ನೋಡಿದ್ದು ಅವತ್ತೇ. ನೊರೆ, ತರಗು, ಒಂಟಿ ಚಪ್ಪಲಿ, ಮೊಟ್ಟೆ ಹೊತ್ತ ಇರುವೆಗಳು, ಎಲ್ಲವನ್ನೂ ಮುಂದೆ ತಳ್ಳಿಕೊಂಡು ಅದು ಮುದುಕರಂತೆ ನಿಂತು ನಿಂತು ನಡೆಯುತ್ತಿತ್ತು. ಬಿರುಕು ಸಿಕ್ಕಿದಲ್ಲೆಲ್ಲ ಗುಳುಗುಳು ಎಂದು ಇಳಿದುಹೋಗುತ್ತಿತ್ತು. ಅದರ ಪಕ್ಕದಲ್ಲಿ ನಾನೂ ಅಷ್ಟೇ ನಿಧಾನವಾಗಿ ನಡೆದೆ. ಸೌಡಿ ಹೇಳಿದ, ಇಷ್ಟು ವರ್ಷದ ಕೆಲಸದಲ್ಲಿ ಅವನೂ ಕೊನೆಯ ಊರಿನವರೆಗೆ ಹೋಗಿರಲಿಲ್ಲವಂತೆ. ಅವನ ಸರಹದ್ದು ಒಂದು ಗಡಿಕಲ್ಲಿನವರೆಗೆ, ಅಷ್ಟೆ.

ಎರಡನೇ ಊರಲ್ಲಿ ಗುದ್ದಲಿ ಹಿಡಿದ ಹುಡುಗರು ತೂಬಿನ ಹತ್ತಿರ ಕಾದು ನಿಂತಿದ್ದರು.

"ಮುಂದಕ್ಕೆ ಬುಡ್ರಪ್ಪ. ಇದು ನನ್ ಮೊಮ್ಮಗಳ ಗಂಗೆ ಪೂಜೆ ನೀರು."

"ನೀರ್ ಮ್ಯಾಲೆ ನಿನ್ ಎಸ್ರು ಬರ್ದದಾ ಅಜ್ಜಿ?"

"ಬರ್ದಿಲ್ಲ ಕಣ್ಲಾ. ಅದ್ಕೇ ಜೊತೇಲಿ ನಡ್ಕ ಓಯ್ತಾ ಇವ್ನಿ."

ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ನಕ್ಕರು. ಒಬ್ಬಳು, "ಗಂಗೆ ಪೂಜೆ ನೀರು ತಡೀಬ್ಯಾಡ್ರೋ, ಬುಡ್ರೋ" ಎಂದಳು. ಅವಳ ತವರು ಬೀಗಿತ್ತಿಯ ಊರಿನ ಪಕ್ಕದ ಊರಂತೆ. ಮೂರನೇ ಊರಲ್ಲಿ ಇಷ್ಟು ಸುಲಭವಾಗಲಿಲ್ಲ. ಅಲ್ಲಿಯ ಒಬ್ಬ ಯಜಮಾನ, "ನಿಮ್ಮೂರೋರು ಇಷ್ಟ್ ದಿನ ನುಂಗಿ ಈಗ ಧರ್ಮ ಹೇಳಕ್ ಬಂದ್ರಾ?" ಎಂದ. ಅವನು ಅರ್ಧ ತೂಬು ತೆರೆದೇ ತೆರೆದ. ನಾನು ಅಲ್ಲಿಯೇ ಕೂತು ಬುತ್ತಿ ಬಿಚ್ಚಿ ಅವನಿಗೂ ಒಂದು ರೊಟ್ಟಿ ಕೊಟ್ಟೆ. ಅವನು ರೊಟ್ಟಿ ತಿಂದ, ತೂಬು ಮುಚ್ಚಲಿಲ್ಲ. ಆ ಊರು ದಾಟಿದ ನೀರು ತೆಳ್ಳಗಾಗಿತ್ತು. ಕತ್ತಲಾಗುವ ಮೊದಲು ನಾವು ಬಸ್ಸು ಹಿಡಿದು ಊರಿಗೆ ವಾಪಸು ಬಂದೆವು. ಮಾರನೇ ದಿನ ಮತ್ತೆ ಅದೇ ಜಾಗಕ್ಕೆ ಹೋಗಿ ಅಲ್ಲಿಂದ ನಡೆದೆವು.

ಕೊನೆಯ ಊರು ಮುಟ್ಟಿದಾಗ ಮಧ್ಯಾಹ್ನ ಇಳಿಹೊತ್ತು. ಪಾದ ಮುಳುಗುವಷ್ಟು ನೀರು, ಕೆಂಪು, ಕಸದ್ದು. ಎಲ್ಲರೂ ಕೈಮುಗಿಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಒಬ್ಬರೂ ಮುಗಿಯಲಿಲ್ಲ. ಸಾಲಿನಲ್ಲಿದ್ದ ಕೊಡಗಳಿಗೆ ಹೆಂಗಸರು ಓಡಿದರು. ಎಮ್ಮೆಗಳು ಹಗ್ಗ ಕಿತ್ತುಕೊಂಡು ಬಂದು ಬಾಯಿಟ್ಟವು. ಗಂಡಸರು ಗುದ್ದಲಿ ಹಿಡಿದು ಒಟ್ಟಲಿನ ಕಡೆ ಓಡಿದರು. ಒಬ್ಬ ಮುದುಕ ನಾಲೆಯಲ್ಲೇ ಕೂತುಬಿಟ್ಟ, ಪಂಚೆ ನೆನೆಯುತ್ತಿದ್ದರೂ ಏಳಲಿಲ್ಲ. ನಾನು ಪೂಜೆಯ ತಟ್ಟೆ ತರಲು ಹೊರಟರೆ ಬೀಗಿತ್ತಿ ತಡೆದರು.

"ಮೊದ್ಲು ಒಟ್ಲಿಗೆ ಹೋಗ್ಲಿ. ಆಮೇಲೆ ಕೊಡ. ಪೂಜೆ ಆಮೇಲೆ."

"ಇದಕ್ಕೇ ಅಲ್ವಾ ನನ್ ಮಗಳು ಎರಡ್ ದಿನ ಜಗಲೀಲಿ ಕೂತಿದ್ದು?" ಎಂದೆ ದಂಗಾಗಿ.

"ಗಂಗಮ್ಮ ಕಾಯ್ತಾಳೆ. ಸಸಿ ಕಾಯಲ್ಲ."

ಹೊತ್ತು ಮುಳುಗುವ ಮುಂಚೆ ಮಗಳು ನೀರಿಗಿಳಿದಳು. ಮೂರು ಕಲ್ಲು ತೊಳೆದು ಇಟ್ಟು ಅರಿಶಿನ ಹಚ್ಚಿದಳು. ಕೂಸಿನ ಪಾದವನ್ನು ನೀರಿಗೆ ಮುಟ್ಟಿಸಿದರೆ ಅದು ತಣ್ಣಗಾಯಿತೆಂದು ಕಾಲು ಝಾಡಿಸಿ, ಕಿಲಕಿಲ ನಕ್ಕು, ಅಜ್ಜಿಯರಿಬ್ಬರ ಮುಖಕ್ಕೂ ಕೆಸರು ಹಾರಿಸಿತು. ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಆಗ ಕೋಲಿನ ಮುದುಕಿ ಹತ್ತಿರ ಬಂದು ಕೂಸಿನ ಗಲ್ಲ ಹಿಡಿದು, "ಎಂಥ ಒಳ್ಳೆ ಕಾಲ್ಗುಣ ಕಣ್ರವ್ವ, ಗಂಗಮ್ಮನ್ನೇ ಎಳ್ಕ ಬಂದ್ಲು!" ಎಂದಳು.

ಹೆಂಗಸರೆಲ್ಲ "ಊ ಕಣವ್ವ" ಎಂದರು. ನಾನು ಹಿಗ್ಗಬೇಕಿತ್ತು. ಮೈಯೆಲ್ಲ ತಣ್ಣಗಾಯಿತು.

"ಬ್ಯಾಡಿ ಅಕ್ಕಯ್ಯ" ಎಂದೆ. "ಇವತ್ತು ಬಂದಿದ್ದು ಇವಳ ಕಾಲಿಂದ ಅಂದ್ರೆ, ನಾಳೆ ನಿಂತೋದ್ರೂ ಇವಳ ಕಾಲಿಗೇ ಕಟ್ತೀರಿ. ಒಳ್ಳೇದೂ ಬ್ಯಾಡಿ, ಕೆಟ್ಟದ್ದೂ ಬ್ಯಾಡಿ. ನೀರು ಬರ್ನಿಲ್ಲ ಅಂದ್ರೆ ನಮ್ಮೂರಿಗೆ ಬಂದು ನನ್ನ ಕೇಳಿ."

"ಕೇಳಕ್ಕೇನು, ಕೇಳ್ತೀನಿ" ಎಂದಳು ಮುದುಕಿ. "ಅಷ್ಟ್ ದೂರ ಬಂದ್ರೆ ಹೋಳಿಗೆ ಇಕ್ತೀಯಾ?"

ಬೀಗಿತ್ತಿ ನಕ್ಕುಬಿಟ್ಟರು. ತುಂಬಿದ ಕೊಡವನ್ನು ಸೊಸೆಯ ಸೊಂಟಕ್ಕೆ ಅವರೇ ಎತ್ತಿಕೊಟ್ಟು, "ನಡೀ ಮಗ ಒಳಕ್ಕೆ, ಒಲೆ ಅಚ್ಚು" ಎಂದರು.

ಆ ಒಟ್ಟಲುಗಳಲ್ಲಿ ಕೆಲವು ಉಳಿದವು, ಎಲ್ಲವೂ ಉಳಿಯಲಿಲ್ಲ. ನಮ್ಮ ಗದ್ದೆಯಲ್ಲಿ ಆ ವರ್ಷ ನೀರು ತುಂಬಿ ನಿಲ್ಲಿಸಲಿಲ್ಲ. ನೆಲ ಒಣಗಿ ಸಣ್ಣ ಬಿರುಕು ಕಂಡಾಗ ಮಾತ್ರ ಹಾಯಿಸಿದೆವು. ಯಜಮಾನರು ದಿನಾ ಗೊಣಗುತ್ತಿದ್ದರು. ಕುಯ್ಲಿಗೆ ಬಂದಾಗ ಬತ್ತ ಪ್ರತಿ ವರ್ಷ ಎಷ್ಟು ಬರುತ್ತಿತ್ತೋ ಅಷ್ಟೇ ಬಂತು. ಅವರು ಕಣದಲ್ಲಿ ರಾಶಿಯನ್ನು ಎರಡು ಸುತ್ತು ಸುತ್ತಿ ಬಂದು, "ಅಂಗಾರೆ ಇಷ್ಟು ವರ್ಷ ಉಯ್ದಿದ್ದೆಲ್ಲ ಯಾರಿಗೆ?" ಎಂದರು. ನಾನೂ ಅದನ್ನೇ ಕೇಳಿಕೊಂಡು ದಂಗಾಗಿ ನಿಂತಿದ್ದೆ.

ಆದರೆ ಅದು ಕುಯ್ಲಿನ ಮಾತು. ಅದಕ್ಕೂ ಮುಂಚೆ, ಪೂಜೆಯ ನಂತರದ ಕಟ್ಟಿನಲ್ಲೇ ಒಂದು ಬೆಳಿಗ್ಗೆ ಅಂಗಳದಲ್ಲಿ ಕೋಲಿನ ಸದ್ದಾಯಿತು. ಹೊರಗೆ ಬಂದು ನೋಡಿದರೆ ಆ ಮುದುಕಿ. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ನಾನು ನಿಜವಾಗಿ ಬೆಚ್ಚಿಬಿದ್ದೆ.

"ನೀರು ಬರ್ನಿಲ್ಲ" ಎಂದಳು. "ನಮ್ಮೂರಿಗೆ ಬಂದು ಕೇಳಿ ಅಂದಿದ್ಯಲ್ಲ."

ಕೂಸಿನ ಹೆಸರನ್ನೇ ಅವಳು ಎತ್ತಲಿಲ್ಲ. ಅವಳಿಗೆ ಕಾಫಿ ಕೊಟ್ಟು, ಕೈಹಿಡಿದು ತೂಬಿಗೆ ಕರೆದುಕೊಂಡು ಹೋದೆ. ನಮ್ಮದು ಮುಚ್ಚಿತ್ತು. ಪಕ್ಕದವನದೂ ಮುಚ್ಚಿತ್ತು. ಅವಳು ಕೋಲಿನಿಂದ ಎರಡನ್ನೂ ಕುಟ್ಟಿ ನೋಡಿ, "ನಿಮ್ಮಲ್ಲಿ ಅಲ್ಲ ಅಂಗಾರೆ, ಮುಂದ್ಲೂರಲ್ಲಿ" ಎಂದಳು. ಇಬ್ಬರೂ ಏರಿ ಹಿಡಿದು ಕೆಳಕ್ಕೆ ನಡೆದೆವು.